ಬೆಂದ ಗೂಡಿಗೆ ನಾನು ಹಾಕಿದ ಸೊನ್ನೆ

ಈ ವರ್ಷ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಪ್ರೌಢಶಾಲೆಗಳಿಗೆ ವಿಜ್ಞಾನ ಕಲಿಸಲು ಹೊಸದಾಗಿ ಬಂದಿರುವವರಿಗೆ ನಮಸ್ಕಾರ. ನಿಮ್ಮ ನೇಮಕಾತಿ ಆದೇಶದಲ್ಲಿ ಬರೆಯದೆ ಬಿಟ್ಟಿರುವ ಒಂದೆರಡು ಸಂಗತಿ ಹೇಳಲು ಕುಳಿತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಬೀಳ್ಕೊಡುಗೆಯಲ್ಲಿ ಯಾರು ಶಾಲು ಹೊದಿಸಿದರು ಎಂಬುದು ನಿಮಗೆ ಬೇಡ. ಆ ಶಾಲು ಈಗ ನಮ್ಮ ಮನೆಯ ಮಿಕ್ಸಿಗೆ ಹೊದಿಕೆಯಾಗಿದೆ. ನನಗಿಂತ ಮಿಕ್ಸಿಯೇ ಹೆಚ್ಚು ಸದ್ದು ಮಾಡುತ್ತದೆ, ಯೋಗ್ಯತೆ ಇದೆ.

ಮೂವತ್ತು ಚಿಲ್ಲರೆ ವರ್ಷಗಳ ನೌಕರಿಯಲ್ಲಿ ಎಷ್ಟು ಉತ್ತರಪತ್ರಿಕೆ ತಿದ್ದಿದ್ದೇನೋ ಆ ಮಾದಪ್ಪನಿಗೇ ಗೊತ್ತು. ಆದರೆ ಅವುಗಳಲ್ಲಿ ಒಂದೇ ಒಂದು ಸೊನ್ನೆ ನನ್ನ ಬೆನ್ನು ಬಿಟ್ಟಿಲ್ಲ. ಅದರಿಂದಾಗಿ ಒಬ್ಬ ಹುಡುಗಿಗೆ ವಿಜ್ಞಾನದ ಬಾಗಿಲು ಮುಚ್ಚುವುದರಲ್ಲಿತ್ತು. ಹಾಕಿದವನು ನಾನು. ನಗುತ್ತಾ ಹಾಕಿದೆ.

ಮೊದಲು ನಮ್ಮ ಕಾಲದ ವಿಜ್ಞಾನ ಎಂಥದ್ದು ಎಂದು ತಿಳಿದುಕೊಳ್ಳಿ. ನಾನು ಮೊದಲು ಸೇರಿದ್ದು ಹನೂರಿನಿಂದಾಚೆ ಕಾಡಂಚಿನ ಒಂದು ಶಾಲೆಗೆ. ಅಲ್ಲಿ ಪ್ರಯೋಗದ ಸಾಮಾನಿನ ಬೀರು ಇತ್ತು. ಬೀರುವಿಗೆ ಬೀಗ, ಬೀಗದ ಕೈ ಹೆಡ್‌ಮಾಸ್ತರ ಉಡುದಾರದಲ್ಲಿ. ಕೇಳಿದರೆ, "ಗಾಜು ಕಣ್ರಿ, ಒಡೆದ್ರೆ ಯಾರು ಉತ್ರ ಏಳೋರು? ಬೋರ್ಡಿನ ಮೇಲೆ ಬರೀರಿ, ಬೋರ್ಡು ಒಡೆಯಲ್ಲ" ಎನ್ನುತ್ತಿದ್ದರು. ಹಾಗಾಗಿ ಆಮ್ಲಜನಕ ತಯಾರಿಸುವ ಚಿತ್ರವನ್ನು ನಮ್ಮ ಮಕ್ಕಳು ಕಣ್ಣು ಮುಚ್ಚಿ ಬಿಡಿಸುತ್ತಿದ್ದರು. ಅವರು ವರ್ಗವಾಗಿ ಹೋದ ಮರುದಿನ ನಾನು ಒಂದು ಬೀಕರನ್ನು ತರಗತಿಗೆ ತಂದೆ. ಮೊದಲ ಬೆಂಚಿನಿಂದ ಪ್ರಶ್ನೆ: "ಇದೇನ್ ಸಾ, ಲೋಟ್ವಾ?"

ಅಂಥ ನಮ್ಮನ್ನು ಜಗತ್ತಿನ ಪರೀಕ್ಷೆಗೆ ಸಜ್ಜು ಮಾಡಲು ಹೊರಟದ್ದು ನನ್ನ ನೌಕರಿಯ ಕೊನೆಗಾಲದಲ್ಲಿ. ಆಗ ನಾನು ಸಂಪನ್ಮೂಲ ವ್ಯಕ್ತಿ. ಹಾಗೆಂದರೆ ಪಾಠ ಮಾಡುವುದನ್ನು ಬಿಟ್ಟು, ಪಾಠ ಮಾಡುವವರಿಗೆ ಪಾಠ ಹೇಳುತ್ತಾ ತಿರುಗುವವನು. ಕೊಳ್ಳೇಗಾಲದ ಒಂದು ಸಭಾಂಗಣದಲ್ಲಿ ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ ಶಿಕ್ಷಣ ಇಲಾಖೆಯ ನಮ್ಮ ಸಾಹೇಬರು ಎದ್ದರು. ಸಾಹೇಬರು ನನಗಿಂತ ಚಿಕ್ಕವರು, ಒಳ್ಳೆಯವರು, ಲ್ಯಾಪ್‌ಟಾಪ್ ಬಿಟ್ಟು ಊಟಕ್ಕೂ ಕೂರದವರು. ಕೆಲವು ವರ್ಷಗಳಿಗೊಮ್ಮೆ ಎಷ್ಟೋ ದೇಶಗಳ ಹದಿನೈದು ವರ್ಷದ ಮಕ್ಕಳು ಒಂದೇ ಬಗೆಯ ಪರೀಕ್ಷೆ ಬರೆಯುತ್ತಾರೆ, ಅದರಲ್ಲಿ ಬಾಯಿಪಾಠ ನಡೆಯದು, ಕಲಿತದ್ದನ್ನು ಬದುಕಿನಲ್ಲಿ ಬಳಸಲು ಬರುತ್ತದೆಯೇ ಎಂದು ನೋಡುತ್ತಾರೆ ಎಂದು ವಿವರಿಸಿದರು. ನಮ್ಮ ದೇಶದ ಎರಡು ರಾಜ್ಯಗಳ ಮಕ್ಕಳು ಹಿಂದೊಮ್ಮೆ ಬರೆದು ಪಟ್ಟಿಯ ತಳದಲ್ಲಿ ಸಿಕ್ಕಿದ್ದರಂತೆ. ಆ ಪ್ರಶ್ನೆಗಳು ನಮ್ಮ ಮಕ್ಕಳ ಬದುಕಿಗೆ ಹೊಂದುವುದಿಲ್ಲ ಎಂದು ಹೇಳಿ ನಾವು ಎದ್ದು ಬಂದೆವಂತೆ. ಮತ್ತೆ ಬರೆಯುವ ಮಾತು ನಡೆದಿದೆ, ನಮ್ಮ ತಾಲ್ಲೂಕುಗಳು ಈಗಲೇ ತಯಾರಾಗಬೇಕು ಎಂದರು.

ಗೋಡೆಯ ಮೇಲೆ ಬಣ್ಣಬಣ್ಣದ ಗೆರೆಗಳು ಮೂಡಿದವು. "ನೋಡಿ, ಹಿಂದೆ ಮೇಲಿದ್ದ ಎಷ್ಟೋ ದೇಶಗಳು ವಿಜ್ಞಾನದಲ್ಲಿ ಸುತ್ತಿನಿಂದ ಸುತ್ತಿಗೆ ಇಳೀತಾ ಇವೆ."

ಹಿಂದಿನ ಸಾಲಿನಿಂದ ಹೆಡ್‌ಮಾಸ್ತರ್ ಮಹದೇವಪ್ಪನವರ ದನಿ ಬಂತು. ಕೊಳ್ಳೇಗಾಲದ ಹೊರವಲಯದ ಶಾಲೆಯವರು, ಮುಳ್ಳೂರಿನ ಕಡೆ ಗದ್ದೆ ಇರುವವರು, ಹಣೆಯಲ್ಲಿ ವಿಭೂತಿ, ನಾಲಿಗೆಯಲ್ಲಿ ಖಾರ. "ಅಂಗಾರೆ ನಾವು ಇದ್ದಲ್ಲೇ ಇದ್ರೆ ಸಾಕಲ್ವಾ ಸಾ? ಅವರೇ ಬಂದು ಸಿಕ್ತಾರೆ."

ಸಾಹೇಬರು ನಗಲಿಲ್ಲ. ಇಳಿಯುವವರು ಇಳಿಯಲಿ, ನಮ್ಮ ಗೆರೆ ಏರಬೇಕು ಎಂದರು. ಅಲ್ಲಿಂದ ಒಂದು ವರ್ಷ ನಾವು ಮಕ್ಕಳನ್ನು ಬಿಟ್ಟು ಗೆರೆಯನ್ನು ಸಾಕಿದೆವು.

ಒಂಬತ್ತನೆಯ ತರಗತಿಗೆ ಮೂರು ಸುತ್ತು ಅಭ್ಯಾಸ ಪರೀಕ್ಷೆ ಎಂದು ತೀರ್ಮಾನವಾಯಿತು. ಮೊದಲ ಸುತ್ತಿಗೆ ಎಲ್ಲಿಂದಲೋ ತಂದು ಅನುವಾದಿಸಿದ ಪ್ರಶ್ನೆಗಳು. ಹಿಮ ಬಿದ್ದ ರಸ್ತೆಗೆ ಉಪ್ಪು ಎರಚುತ್ತಾರೆ, ಏಕೆ? ಹಿಮ ಬೇಗ ಕರಗಲಿ ಎಂದು ಎಂಬುದು ಉತ್ತರಸೂಚಿ. ಕಾಡಂಚಿನ ಶಾಲೆಯ ಮಗುವೊಂದು ಹೀಗೆ ಬರೆದಿತ್ತು: "ಆನೆ ಬಂದು ನೆಕ್ಕಲಿ ಎಂದು ಹಾಕುತ್ತಾರೆ. ಆದರೆ ರಸ್ತೆಗೆ ಹಾಕಬಾರದು. ಲಾರಿಗೆ ಸಿಕ್ಕಿ ಸಾಯುತ್ತವೆ." ನಾನು ಎರಡು ಸಲ ಓದಿದೆ. ಆನೆಗೆ ಅಂಕ ಕೊಡಲು ಸೂಚಿಯಲ್ಲಿ ಅವಕಾಶವಿರಲಿಲ್ಲ. ಗೆರೆ ನೆಲಕ್ಕೆ ಬಿತ್ತು.

ಎರಡನೆಯ ಸುತ್ತಿಗೆ ಗೆರೆ ಎದ್ದು ನಿಂತಿತು. ಪವಾಡವೇನಲ್ಲ. ಪರೀಕ್ಷೆಯ ಹಿಂದಿನ ದಿನ ಪ್ರಶ್ನೆಯೂ ಉತ್ತರವೂ ಮೇಷ್ಟ್ರುಗಳ ಮೊಬೈಲ್ ಗ್ರೂಪಿಗೆ ಬಂದವು, ಮೇಲೆ 'ಪರಿಚಯಕ್ಕಾಗಿ ಮಾತ್ರ' ಎಂಬ ತಲೆಬರಹ. ಪರಿಚಯ ಎಂದರೆ ಏನು ಎಂದು ನಮ್ಮವರಿಗೆ ಹೇಳಿಕೊಡಬೇಕೆ? ಅಂದೇ ಮಧ್ಯಾಹ್ನ ಉಕ್ತಲೇಖನ ಬರೆಸಿದರು, ಓದಿಸಿದರು, ಒಪ್ಪಿಸಿಕೊಂಡರು. ಯೋಚಿಸಿ ಬರೆಯುವ ಪ್ರಶ್ನೆಯನ್ನು ಬಾಯಿಪಾಠ ಮಾಡಿಸುವ ಈ ವಿದ್ಯೆ ಬೇರೆ ಯಾವ ದೇಶಕ್ಕೂ ಇನ್ನೂ ಸಿದ್ಧಿಸಿಲ್ಲ ಎಂದು ಕಾಣುತ್ತದೆ, ಅದಕ್ಕೇ ಅವರ ಗೆರೆ ಇಳಿಯುತ್ತಿದೆ. 'ನಿಮ್ಮ ಸ್ವಂತ ಅಭಿಪ್ರಾಯ ತಿಳಿಸಿ' ಎಂಬ ಪ್ರಶ್ನೆಗೆ ಒಂದು ತರಗತಿಯ ನಲವತ್ತು ಮಕ್ಕಳ ಸ್ವಂತ ಅಭಿಪ್ರಾಯವೂ ಅಕ್ಷರ ಬಿಡದಂತೆ ಒಂದೇ ಆಗಿತ್ತು. ನಾನು ಸಾಹೇಬರಿಗೆ ತೋರಿಸಿದೆ. "ಒಮ್ಮತ ಇದೆ ಅಲ್ವಾ ಮೇಷ್ಟ್ರೆ" ಎಂದರು.

ಮೂರನೆಯ ಸುತ್ತು ನನ್ನ ಕುತ್ತಿಗೆಗೆ ಬಂತು. ನಮ್ಮ ಮಕ್ಕಳ ಬದುಕಿಗೆ ಹೊಂದುವ ಪ್ರಶ್ನೆ ಬೇಕು, ನೀವು ಇಲ್ಲಿಯವರೇ, ನೀವೇ ಬರೆಯಿರಿ ಎಂದರು. ನನಗೆ ಒಳಗೊಳಗೇ ಹೆಮ್ಮೆ. ನಾನು ಯಳಂದೂರಿನವನು, ಬಾಲ್ಯದಲ್ಲಿ ಪಕ್ಕದ ಮನೆಯ ಹಿತ್ತಲಲ್ಲಿ ಚರಕದಿಂದ ರೇಷ್ಮೆ ನೂಲು ತೆಗೆಯುವುದನ್ನು ಕುಕ್ಕರುಗಾಲಿನಲ್ಲಿ ಕೂತು ನೋಡಿದವನು. ಬಿಸಿನೀರಿನ ಮೇಲೆ ಗೂಡುಗಳು ಕಡಲೆಪುರಿಯ ಹಾಗೆ ತೇಲುತ್ತಿದ್ದುದು ಕಣ್ಣಿಗೆ ಕಟ್ಟಿತು. ಬರೆದೆ: ರೇಷ್ಮೆ ಗೂಡನ್ನು ಬೇಯಿಸಿ ನೂಲು ತೆಗೆಯುತ್ತಾರೆ. ಬೆಂದ ಗೂಡು ನೀರಿನಲ್ಲಿ ತೇಲುತ್ತದೆಯೇ, ಮುಳುಗುತ್ತದೆಯೇ? ಕಾರಣ ಕೊಡಿ. ಐದು ಅಂಕ. ಉತ್ತರ: ತೇಲುತ್ತದೆ, ಗೂಡಿನೊಳಗೆ ಗಾಳಿ ಇರುವುದರಿಂದ ಅದರ ಸಾಂದ್ರತೆ ನೀರಿಗಿಂತ ಕಡಿಮೆ. ಸಾಹೇಬರು ಮೇಜು ಗುದ್ದಿ "ಇದು ಪ್ರಶ್ನೆ ಅಂದ್ರೆ" ಎಂದರು. ನೂಲು ತೆಗೆಯುವ ಒಂದು ಶೆಡ್ಡಿನ ಮುಂದೆಯೇ ನಾನು ಸ್ಕೂಟರಿನಲ್ಲಿ ದಿನಾ ಎರಡು ಸಲ ಮೂಗು ಮುಚ್ಚಿಕೊಂಡು ಹೋಗುತ್ತಿದ್ದೆ. ಒಂದು ದಿನವೂ ಇಳಿದು ಒಳಗೆ ನೋಡಿರಲಿಲ್ಲ.

ಈ ಸುತ್ತಿನ ಅಂಕಕ್ಕೆ ಒಂದು ತೂಕವಿತ್ತು. ಪ್ರತಿ ಶಾಲೆಯ ಕೊನೆಯ ಹದಿನೈದು ಮಕ್ಕಳನ್ನು ಹತ್ತನೆಯ ತರಗತಿಯಲ್ಲಿ ಬೇರೆ ಕೋಣೆಯಲ್ಲಿ ಕೂರಿಸಿ 'ಪಾಸಿಂಗ್ ಪ್ಯಾಕೇಜ್' ಓದಿಸಬೇಕೆಂಬ ಅಪ್ಪಣೆಯಾಗಿತ್ತು. ಪ್ಯಾಕೇಜ್ ಎಂದರೆ ಒಂದು ತೆಳ್ಳನೆಯ ಪುಸ್ತಕ: ನಾಲ್ಕು ಚಿತ್ರ, ಹತ್ತು ವ್ಯಾಖ್ಯೆ, ಪಾಸಾಗುವಷ್ಟು. ಆ ಕೋಣೆಗೆ ಹೋದ ಮಗುವಿಗೆ ಉಳಿದ ಪಾಠಗಳನ್ನು ಯಾರೂ ಮಾಡುವುದಿಲ್ಲ. ಪಾಸಾಗುತ್ತದೆ, ಸರಿ. ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಳ್ಳುವ ಮಾತು ಅಲ್ಲಿಗೆ ಮುಗಿಯಿತು.

ತಿದ್ದುವ ದಿನ ಮಹದೇವಪ್ಪನವರ ಶಾಲೆಯ ಕಟ್ಟು ನನ್ನ ಪಾಲಿಗೆ ಬಂತು. ತೇಲುತ್ತದೆ, ತೇಲುತ್ತದೆ, ತೇಲುತ್ತದೆ. ಐದು, ಐದು, ಐದು. ನಡುವೆ ಒಂದು ಪತ್ರಿಕೆ. ಎರಡು ಬಾಣಲೆಯ ಚಿತ್ರ, ನಡುವೆ ಬಾಣದ ಗುರುತು, ಕೆಳಗೆ ಬರಹ: "ಮೊದಲು ತೇಲುತ್ತದೆ. ಕುದಿಯುವ ನೀರಿನಿಂದ ತೆಗೆದು ಬಿಸಿ ಕಮ್ಮಿ ಇರುವ ನೀರಿಗೆ ಹಾಕಿದರೆ ಒಳಗಿನ ಗಾಳಿ ಕುಗ್ಗುತ್ತದೆ. ನೀರು ಒಳಗೆ ಹೋಗುತ್ತದೆ. ಆಮೇಲೆ ಮುಳುಗುತ್ತದೆ. ಸರಿಯಾಗಿ ಬೆಂದಿದ್ದರೆ ಮಾತ್ರ."

ನಾನು ಪಕ್ಕದಲ್ಲಿ ತಿದ್ದುತ್ತಿದ್ದ ಮೇಡಮ್ಮಿಗೆ ಓದಿ ಹೇಳಿ, "ಇವರ ಮನೇಲಿ ಗೂಡಿಗೆ ಕಲ್ಲು ಕಟ್ಟಿ ಬೇಯಿಸ್ತಾರೇನೋ" ಎಂದೆ. ಇಬ್ಬರೂ ನಕ್ಕೆವು. ಸೊನ್ನೆ ಹಾಕಿದೆ. ದುಂಡಗೆ, ಚೆನ್ನಾಗಿಯೇ ಬಂದಿತ್ತು.

ಹದಿನೈದು ದಿನದ ಮೇಲೆ ಮಹದೇವಪ್ಪನವರ ಫೋನು. "ಮೇಷ್ಟ್ರೆ, ವಸಿ ಬಂದೋಗಿ. ಒಬ್ಬಮ್ಮ ಬಂದು ಕೂತವ್ಳೆ, ಏಳ್ತಾ ಇಲ್ಲ. ಪ್ರಶ್ನೆ ಬರ್ದವರು ಯಾರೋ ಅವರನ್ನೇ ಕರೀರಿ ಅಂತಾಳೆ."

ಹೋದೆ. ಆಕೆ ಅಂತೋಣಿಯಮ್ಮ. ಊರು ತಮಿಳು ಮನೆಮಾತಿನ ಮಾರ್ಟಳ್ಳಿ, ಕೊಳ್ಳೇಗಾಲಕ್ಕೆ ಬಂದು ನಾನು ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಅದೇ ಶೆಡ್ಡಿನಲ್ಲಿ ಗೂಡು ಬೇಯಿಸುವ ಕೆಲಸ. ಬೆರಳುಗಳು ಬಿಸಿನೀರಿನಲ್ಲಿ ನೆಂದು ಬೆಳ್ಳಗೆ ಸುಕ್ಕುಗಟ್ಟಿದ್ದವು. ಪಕ್ಕದಲ್ಲಿ ಮಗಳು ಸಗಾಯ ಮೇರಿ, ತಲೆ ತಗ್ಗಿಸಿಕೊಂಡು ನಿಂತಿದ್ದಳು. ಈ ಸುತ್ತಿಗೂ ಹಿಂದಿನ ದಿನವೇ ಉತ್ತರ ಬರೆಸಿದ್ದರು, ಆ ದಿನ ಅವಳು ಜ್ವರ ಬಂದು ಶಾಲೆಗೆ ಬಂದಿರಲಿಲ್ಲವಂತೆ. ಮರುದಿನ ಬಂದು ತನಗೆ ತಿಳಿದದ್ದನ್ನು ಬರೆದಿದ್ದಾಳೆ. ಹಾಗಾಗಿ ಕೊನೆಯ ಹದಿನೈದರಲ್ಲಿ ಸೇರಿದ್ದಾಳೆ. ಈ ಪ್ರಶ್ನೆಯ ಐದು ಅಂಕ ಬಂದಿದ್ದರೆ ಸೇರುತ್ತಿರಲಿಲ್ಲ.

"ಪಾಸಾಗೋ ಪುಸ್ತಕ ಬ್ಯಾಡ ಸಾ, ದೊಡ್ಡ ಪುಸ್ತಕ ಕೊಡ್ಸಿ" ಎಂದಳು ಅಂತೋಣಿಯಮ್ಮ. "ಇವ್ಳು ಸೈನ್ಸ್ ಓದ್ಬೇಕು ಅಂತ ಆರನೇ ಕ್ಲಾಸಿಂದ ಪ್ರಾಣ ತಿಂತಾವ್ಳೆ. ತಪ್ಪು ಬರ್ದಿದ್ರೆ ನಾಲ್ಕು ಏಟು ಬುಡಿ, ಬ್ಯಾಡ ಅನ್ನಲ್ಲ. ಸರಿ ಬರ್ದವ್ಳಲ್ಲ ಸಾ!"

ನಾನು ಸಂಪನ್ಮೂಲವನ್ನೆಲ್ಲ ಒಟ್ಟುಗೂಡಿಸಿ ಸಾಂದ್ರತೆಯ ಪಾಠ ಶುರು ಮಾಡಿದೆ. ಆಕೆ ಪೂರ್ತಿ ಕೇಳಿದಳು. ಆಮೇಲೆ ಮಗಳು ತಲೆ ಎತ್ತಿದಳು.

"ಸಾ, ನೀವು ನೋಡಿದ್ದೀರಾ?"

"ನೋಡದೆ ಏನಮ್ಮ? ಚಿಕ್ಕವನಿದ್ದಾಗ ಯಳಂದೂರಿನಲ್ಲಿ..."

"ಅದು ಚರಕ ಸಾ. ಅದ್ರಲ್ಲಿ ತೇಲ್ತದೆ. ಈಗ ಮಿಷಿನ್ನು, ಅದಕ್ಕೆ ಮುಳುಗೋ ಅಂಗೆ ಬೇಯುಸ್ಬೇಕು."

ಮಹದೇವಪ್ಪನವರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಮೂವರಿಗೂ ಗೊತ್ತಾಯಿತು.

ಶೆಡ್ಡು ಶಾಲೆಯಿಂದ ಕೂಗಳತೆಯಲ್ಲಿತ್ತು. ಒಳಗೆ ಹೋದೆ. ಆವಿ, ಹುಳು ಬೆಂದ ವಾಸನೆ, ಮಿಷಿನ್ನಿನ ಸದ್ದು. ಅಂತೋಣಿಯಮ್ಮ ಸೀರೆ ಸೆರಗು ಸಿಕ್ಕಿಸಿಕೊಂಡು ಒಂದು ಬೊಗಸೆ ಗೂಡನ್ನು ಜಾಲರಿಯಲ್ಲಿ ಹಾಕಿ ಕುದಿಯುವ ನೀರಿಗೆ ಅದುಮಿದಳು. "ಪಾರುಂಗೊ ಸಾ, ನೋಡಿ. ಕೈ ಬಿಟ್ರೆ ಮೇಲಕ್ಕೆ ಬತ್ತದೆ. ತೇಲ್ತದೆ. ನಿಮ್ದು ಇಲ್ಲಿಗಂಟ ಸರಿ." ಸ್ವಲ್ಪ ಹೊತ್ತು ಬಿಟ್ಟು ಅದನ್ನು ಪಕ್ಕದ ಬಾಣಲೆಗೆ ಹಾಕಿದಳು. "ಇದು ವಸಿ ತಣ್ಗದೆ. ಈಗ ನೀರು ಕುಡೀತದೆ ನೋಡಿ."

ಗೂಡುಗಳು ಒಂದೊಂದಾಗಿ ಬಣ್ಣ ಬದಲಿಸಿ, ಭಾರವಾಗಿ, ನನ್ನ ಕಣ್ಣೆದುರೇ ತಳಕ್ಕೆ ಇಳಿದವು. ಎರಡು ಮಾತ್ರ ಮೇಲೆ ಉಳಿದವು. ಅವನ್ನು ಬೆರಳಿನಿಂದ ಆಚೆ ತಳ್ಳಿ, "ಇವು ಬೆಂದಿಲ್ಲ. ಇಂಗೇ ಮಿಷಿನ್ನಿಗೆ ಕೊಟ್ರೆ ಎಳೆ ಕಿತ್ಕಂಡೋಯ್ತದೆ, ಮೇಸ್ತ್ರಿ ನನ್ನ ಜಲ್ಮ ಜಾಲಾಡ್ತಾನೆ" ಎಂದಳು.

ಬಿಸಿಯಾದ ಅನಿಲ ತಣ್ಣಗಾದಾಗ ಕುಗ್ಗುತ್ತದೆ ಎಂಬುದನ್ನು ನಾನು ಮೂವತ್ತು ವರ್ಷ ಬಲೂನಿನ ಚಿತ್ರ ಬರೆದು ಹೇಳಿದ್ದೆ. ಈ ಹೆಂಗಸು ಅದನ್ನು ದಿನಾ ಸಾವಿರ ಸಲ ಮಾಡಿ ಸಂಬಳ ಎಣಿಸುತ್ತಿದ್ದಳು.

ಅಲ್ಲಿಂದ ಮರಳಿ ಬರುವಾಗ ಇನ್ನೊಂದು ವಿಷಯ ಹೊಳೆದು ಕಾಲು ನಿಂತಿತು. ಆ ಶಾಲೆಯ ಮಕ್ಕಳಲ್ಲಿ ಬಹಳ ಮಂದಿಯ ಮನೆಯವರು ಇಂಥ ಶೆಡ್ಡುಗಳಲ್ಲೇ ದುಡಿಯುವವರು. ಅವರೆಲ್ಲ 'ತೇಲುತ್ತದೆ' ಎಂದು ಬರೆದು ಐದಕ್ಕೆ ಐದು ತೆಗೆದಿದ್ದರಲ್ಲ? ಒಂಬತ್ತನೆಯ ತರಗತಿಗೆ ಹೋಗಿ ಕೇಳಿದೆ. ಬೆಂದ ಗೂಡು ಮುಳುಗುತ್ತದೆಂದು ಯಾರಿಗೆಲ್ಲ ಗೊತ್ತು? ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು.

"ಮತ್ಯಾಕ್ರೋ ತೇಲುತ್ತೆ ಅಂತ ಬರೆದ್ರಿ?"

ಮೂಲೆಯಿಂದ ಒಬ್ಬಳು, ಇಷ್ಟು ಗೊತ್ತಿಲ್ಲವೇ ಎಂಬಂತೆ, "ಸಾ, ತೇಲೋದು ಉತ್ರ. ಮುಳುಗೋದು ಕೆಲ್ಸ" ಎಂದಳು. ಯಾರೂ ನಗಲಿಲ್ಲ. ಅವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಆ ದಿನ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಸ್ಕೂಟರು ಶುರುವಾಗಲು ನಾಲ್ಕು ಸಲ ಒದೆಯಬೇಕಾಯಿತು, ನಾಲ್ಕನ್ನೂ ಮನಸಾರೆ ಒದ್ದೆ. ನೇರ ಸಾಹೇಬರ ಮುಂದೆ ನಿಂತು, ಪ್ರಶ್ನೆ ಬರೆದವನು ನಾನು, ತಪ್ಪು ನನ್ನದು, ಆ ಹುಡುಗಿಗೆ ಐದು ಅಂಕ ಕೊಡಬೇಕು ಎಂದೆ.

ಸಾಹೇಬರು ಸಹನೆಯಿಂದ ಕೇಳಿದರು. "ಆಯ್ತು ಮೇಷ್ಟ್ರೆ, ಮುಳುಗುತ್ತೆ ಅನ್ನೋದೇ ಸರಿ ಅಂತ ಸೂಚಿ ತಿದ್ದೋಣ. ಆಗ ತೇಲುತ್ತೆ ಅಂತ ಬರೆದೋರ ಗತಿ?"

ಅವರು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು.

"ಮೂರು ತಾಲ್ಲೂಕಿನ ಮಕ್ಕಳೂ ಐದೈದು ಅಂಕ ಕಳ್ಕೋತಾರೆ. ಗೆರೆ ಎಲ್ಲಿಗೆ ಬೀಳುತ್ತೆ ಗೊತ್ತಾ? ವರದಿ ಮೇಲಕ್ಕೆ ಹೋಗಿಬಿಟ್ಟಿದೆ. ಅಭಿನಂದನೆಯೂ ಬಂದಿದೆ."

"ಎರಡೂ ಉತ್ತರಕ್ಕೆ ಕೊಡಿ."

"ಎರಡೂ ಸರಿ ಅನ್ನೋಕೆ ಸಾಫ್ಟ್‌ವೇರ್‌ನಲ್ಲಿ ಜಾಗ ಇಲ್ಲ. ಒಂದು ಸೊನ್ನೆ ಅಳಿಸೋಕೆ ಹೋಗಿ ಸಾವಿರ ಸೊನ್ನೆ ಹಾಕಿಸಬೇಡಿ, ನಿಮಗೆ ಕೈಮುಗೀತೀನಿ." ನಿಜವಾಗಿಯೂ ಕೈಮುಗಿದರು. ಹಾಗೆ ಮುಗಿದ ಕೈಯನ್ನು ಬಯ್ಯುವುದು ಹೇಗೆ ಎಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಮರುದಿನ ಮಹದೇವಪ್ಪನವರ ಮೇಜಿನ ಮೇಲೆ ಒಂದು ಕಾಗದ ಇಟ್ಟೆ. ಪ್ರಶ್ನೆಯನ್ನು ರಚಿಸಿದವನೂ ತಿದ್ದಿದವನೂ ನಾನೇ. ಸಗಾಯ ಮೇರಿಯ ಉತ್ತರ ಸರಿ. ಮೌಲ್ಯಮಾಪಕನ ಉತ್ತರ ತಪ್ಪು ಎಂದು ಕೈಬರಹದಲ್ಲಿ ಬರೆದು ಸಹಿ ಮಾಡಿದ್ದೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದು ಟವೆಲ್ಲಿನಿಂದ ಒರೆಸಿದರು.

"ಪಟ್ಟಿ ತಿದ್ದಕ್ಕೆ ನನ್ ಕೈಲಿ ಆಗಲ್ಲ ಮೇಷ್ಟ್ರೆ. ಅದು ಕಂಪ್ಯೂಟ್ರಲ್ಲಿ ಅದೆ. ಆದ್ರೆ ನನ್ ಸ್ಕೂಲಲ್ಲಿ ಯಾವ ಎಣ್ಣು ಮಗ ಯಾವ ರೂಮಲ್ಲಿ ಕೂರ್ಬೇಕು ಅನ್ನಾದು ಕಂಪ್ಯೂಟ್ರು ಏಳಂಗಿಲ್ಲ. ನಾ ಏಳ್ತೀನಿ." ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ಇದು ನನ್ ತಾವೇ ಇರ್ಲಿ. ಯಾರಾರ ಕೇಳುದ್ರೆ ತೋರುಸ್ತೀನಿ."

ಯಾರೂ ಕೇಳಲಿಲ್ಲ. ಸಗಾಯ ಮೇರಿ ಕಂಪ್ಯೂಟರಿನಲ್ಲಿ ಒಂದು ಕೋಣೆಯಲ್ಲೂ, ಬೆಂಚಿನ ಮೇಲೆ ಇನ್ನೊಂದು ಕೋಣೆಯಲ್ಲೂ ಕೂತು ದೊಡ್ಡ ಪುಸ್ತಕವನ್ನು ಪೂರ್ತಿ ಓದಿದಳು. ಹತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ ಆ ಶಾಲೆಗೇ ಹೆಚ್ಚು ಅಂಕ ಅವಳದ್ದು.

ಇಲ್ಲಿಗೆ ಮುಗಿದಿದ್ದರೆ ನಾನು ಈ ಬರಹಕ್ಕೆ ಕೂರುತ್ತಿರಲಿಲ್ಲ. ನನ್ನ ಬೀಳ್ಕೊಡುಗೆಯೂ ವಾರ್ಷಿಕ ಸಭೆಯೂ ಒಂದೇ ದಿನ ಇಟ್ಟುಕೊಂಡಿದ್ದರು. ಶಾಲು ಹೊದಿಸಿ ಕೂರಿಸಿದ ಮೇಲೆ ಗೋಡೆಯ ಮೇಲೆ ಚಿತ್ರ ಬಂತು: ಸಗಾಯ ಮೇರಿಯ ಫೋಟೋ, ಪಕ್ಕದಲ್ಲಿ ಏರುವ ಗೆರೆ, ಮೇಲೆ ದಪ್ಪ ಅಕ್ಷರ, 'ಪಾಸಿಂಗ್ ಪ್ಯಾಕೇಜಿನ ಯಶೋಗಾಥೆ'. ಮೂರನೆಯ ಸುತ್ತಿನಲ್ಲಿ ಕೊನೆಯ ಹದಿನೈದರಲ್ಲಿದ್ದ ಹುಡುಗಿ ತೆಳ್ಳನೆಯ ಪುಸ್ತಕ ಓದಿ ಎಲ್ಲಿಗೆ ಏರಿದಳು ನೋಡಿ ಎಂದು ಸಾಹೇಬರು ಗದ್ಗದಿತರಾದರು. ಸಭೆ ಚಪ್ಪಾಳೆ ತಟ್ಟಿತು. ಶಾಲಿನೊಳಗೆ ನನಗೆ ಬೆವರು ಕಿತ್ತು ಬಂತು. ಪಕ್ಕದಲ್ಲಿ ಕೂತ ಮಹದೇವಪ್ಪನವರು ಜೇಬು ಮುಟ್ಟಿ ನೋಡಿಕೊಂಡು, "ತೋರುಸ್ಲಾ?" ಎಂದು ಪಿಸುಗುಟ್ಟಿದರು.

"ಬೇಡ. ಮೊದಲು ಅವಳ ಪಿ.ಯು.ಸಿ. ಅಡ್ಮಿಷನ್ ಆಗಲಿ" ಎಂದೆ. ನನ್ನ ನೌಕರಿಯ ಕೊನೆಯ ಮಾತು ಅದು.

ನಿವೃತ್ತನಾದ ಮೇಲೆ ಉತ್ತರಸೂಚಿ ತಿದ್ದಲು ಮೂರು ಅರ್ಜಿ ಕೊಟ್ಟೆ. ಮೊದಲೆರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಬಂತು: ಪ್ರಶ್ನೆ ರಚಿಸಿದವರ ಒಪ್ಪಿಗೆ ಇಲ್ಲದೆ ತಿದ್ದುಪಡಿ ಸಾಧ್ಯವಿಲ್ಲ. ರಚಿಸಿದವನು ನಾನೇ ಎಂದು ಕಚೇರಿಗೆ ಹೋಗಿ ಹೇಳಿದೆ. ಸೇವೆಯಲ್ಲಿ ಇಲ್ಲದವರ ಒಪ್ಪಿಗೆಗೆ ಮಾನ್ಯತೆ ಇಲ್ಲವೆಂದು ಹೇಳಿ, ಕೂರಿಸಿ, ಟೀ ಕೊಟ್ಟು ಕಳಿಸಿದರು. ಆ ಪತ್ರಿಕೆಯನ್ನೇ ಪ್ರತಿ ವರ್ಷ ಮತ್ತೆ ಕೊಡುತ್ತಿದ್ದಾರೆ, ಆದ್ದರಿಂದ ಹೊಸದಾಗಿ ಬಂದಿರುವ ನಿಮ್ಮ ಮೊಬೈಲಿಗೆ ಆ ಪ್ರಶ್ನೆ ಬಂದೇ ಬರುತ್ತದೆ, ಪರಿಚಯಕ್ಕಾಗಿ ಮಾತ್ರ. ಬಂದ ದಿನ ಮಕ್ಕಳಿಗೆ ಏನನ್ನೂ ಬರೆಸಬೇಡಿ. ಕೊಳ್ಳೇಗಾಲದಲ್ಲಿ ಶೆಡ್ಡುಗಳಿವೆ. ಹೋಗಿ, ಮೂಗು ಮುಚ್ಚಿಕೊಳ್ಳದೆ ಎರಡನೆಯ ಬಾಣಲೆಯ ಹತ್ತಿರ ಐದು ನಿಮಿಷ ನಿಲ್ಲಿ.

ಹೋದ ತಿಂಗಳು ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಸಗಾಯ ಮೇರಿ ಸಿಕ್ಕಿದಳು. ಪಿ.ಯು.ಸಿ. ಎರಡನೆಯ ವರ್ಷ, ವಿಜ್ಞಾನ. ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಅವ್ವ ಹೇಗಿದ್ದಾಳೆ ಎಂದು ಕೇಳಿದೆ, ಚೆನ್ನಾಗವ್ಳೆ ಎಂದಳು. ಬಸ್ಸು ಹತ್ತಿ, ಕಿಟಕಿಯ ಹತ್ತಿರ ಕೂತು, ಹೊರಡುವ ಹೊತ್ತಿಗೆ ತಲೆ ಹೊರಗೆ ಹಾಕಿದಳು.

"ಸಾ, ನಮ್ ಸ್ಕೂಲಲ್ಲಿ ಗೂಡು ಈ ವರ್ಸನೂ ತೇಲ್ತಂತೆ."